ಋಣ ಬೇರೆ, ಹಂಗು ಬೇರೆ

ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟಿದರೆ ಎಲ್ಲೋ ದೂರದ ದೇಶದ ಒಂದು ಬಡ ಮಗು ‘ನಿಮ್ಮದು’ ಆಗುತ್ತೆ. ಮಗುವಿನ ಫೋಟೋ, ಹೆಸರು, ವಯಸ್ಸು, ಮನೇಲಿ ಎಷ್ಟು ಜನ, ಯಾವ ಆಟ ಇಷ್ಟ, ಎಲ್ಲ ನಿಮ್ಮ ಕೈಗೆ ಬರುತ್ತೆ. ನೀವು ಅದಕ್ಕೆ ಕಾಗದ ಬರೆಯಬಹುದು. ಅದೂ ನಿಮಗೆ ಬರೆಯುತ್ತೆ, ಜೊತೆಗೆ ಒಂದು ಬಣ್ಣದ ಚಿತ್ರ ಬಿಡಿಸಿ ಕಳಿಸುತ್ತೆ. ಆ ಫೋಟೋನ ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡು, ರಾತ್ರಿ ಊಟಕ್ಕೆ ಮುಂಚೆ ನಿಮ್ಮ ಮಕ್ಕಳ ಜೊತೆ ಆ ಮಗುವಿಗೂ ಸೇರಿಸಿ ಒಂದು ಪ್ರಾರ್ಥನೆ ಮಾಡ್ತೀರಿ. ಅಮೆರಿಕದಲ್ಲಿ ಚರ್ಚಿಗೆ ಹೋಗುವ ಎಷ್ಟೋ ಮನೆಗಳಲ್ಲಿ ಇದು ಮಾಮೂಲಿ. ಚೈಲ್ಡ್ ಸ್ಪಾನ್ಸರ್‌ಶಿಪ್ ಅಂತಾರೆ. ಕಂಪ್ಯಾಷನ್ ಇಂಟರ್‌ನ್ಯಾಷನಲ್ ಅನ್ನೋ ಕ್ರೈಸ್ತ ಸಂಸ್ಥೆಯಲ್ಲಿ 2017ರ ಸುಮಾರಿಗೆ ಇದರ ದರ ತಿಂಗಳಿಗೆ 38 ಡಾಲರ್ ಇತ್ತು.

ದರ ಅಂದೆ. ಮಗುವಿನ ಬಗ್ಗೆ ಮಾತಾಡುವಾಗ ಆ ಪದ ಕಿವಿಗೆ ಚುಚ್ಚುತ್ತೆ, ಅಲ್ವಾ? ಆದರೆ ಇದು ಯಾರನ್ನೋ ಬೈಯೋದಕ್ಕೆ ಬರೀತಿರೋದಲ್ಲ. ನಮ್ಮಲ್ಲಿ ಈ ವಿಷಯ ಎತ್ತಿದರೆ ಸಾಕು, ಮಾತು ಎರಡೇ ದಾರಿ ಹಿಡಿಯುತ್ತೆ. ಒಂದು, “ಎಲ್ಲ ಮತಾಂತರದ ಆಟ ಗುರೂ.” ಇನ್ನೊಂದು, “ಯಾರ ದುಡ್ಡಾದ್ರೇನು, ಮಗು ಓದ್ತು ತಾನೇ?” ಎರಡೂ ಮಾತು ತುಂಬಾ ಬೇಗ ಮುಗಿದು ಹೋಗುತ್ತವೆ. ನನಗೆ ಕಾಡೋ ಪ್ರಶ್ನೆ ಈ ಎರಡರ ನಡುವೆ ಇದೆ. ಒಬ್ಬ ಮನುಷ್ಯ ತನ್ನ ದೇವರ ಸಲುವಾಗಿ ಇನ್ನೊಬ್ಬರ ಮಗುವನ್ನು ಓದಿಸಿದರೆ, ಆ ಮಗು ಆ ಮನುಷ್ಯನಿಗೆ ಏನಾದರೂ ಬಾಕಿ ಉಳಿಸಿಕೊಂಡಿರುತ್ತಾ? ಅವನ ದೇವರಿಗೆ?

ನಾನು ಕ್ರೈಸ್ತನಲ್ಲ. ತಿಪಟೂರು ಕಡೆಯ ಹಳ್ಳಿಯವನು. ಆದರೆ ಒಂದು ಕಾಲಕ್ಕೆ ನಾನೂ ಇನ್ಯಾರದೋ ದುಡ್ಡಲ್ಲಿ ಓದಿದವನು. ಈಗ ಪ್ರತಿ ತಿಂಗಳು ನಮ್ಮೂರ ಪಕ್ಕದ ಊರಿನ ಒಂದು ಹುಡುಗಿಯ ಓದಿನ ಖರ್ಚು ನನ್ನ ಅಕೌಂಟಿಂದ ಹೋಗುತ್ತೆ. ಕೈ ಚಾಚಿದ ಕಡೆಯೂ ನಿಂತಿದ್ದೀನಿ, ಕೊಡೋ ಕಡೆಯೂ ನಿಂತಿದ್ದೀನಿ. ಹಾಗಾಗಿ ಇದು ನನಗೆ ಬೇರೆಯವರ ಮನೆ ವಿಷಯ ಅಂತ ಅನ್ನಿಸಲ್ಲ.

ಈ ಪದ್ಧತಿ ಹುಟ್ಟಿದ ಬಗ್ಗೆ ವರ್ಲ್ಡ್ ವಿಷನ್ ಸಂಸ್ಥೆಯವರು ಒಂದು ಕಥೆ ಹೇಳ್ತಾರೆ. 1947ರಲ್ಲಿ ಬಾಬ್ ಪಿಯರ್ಸ್ ಅನ್ನೋ ಅಮೆರಿಕದ ಯುವ ಪ್ರಚಾರಕ ಚೀನಾಕ್ಕೆ ಹೋಗಿದ್ದರು. ಅಲ್ಲಿನ ಶಿಯಾಮೆನ್ ಊರಿನ ಮಿಷನ್ ಶಾಲೆಯೊಂದರಲ್ಲಿ ಮಕ್ಕಳಿಗೆ ಯೇಸುವಿನ ಬಗ್ಗೆ ಉಪದೇಶ ಮಾಡಿ, ಮನೆಗೆ ಹೋಗಿ ನಿಮ್ಮ ಅಪ್ಪ ಅಮ್ಮನಿಗೂ ಹೇಳಿ ಅಂದರು. ಒಬ್ಬ ಪುಟ್ಟ ಹುಡುಗಿ ಹಾಗೇ ಮಾಡಿದಳು. ಅಪ್ಪ ಅವಳಿಗೆ ಬಾರಿಸಿ ಮನೆಯಿಂದ ಆಚೆ ಹಾಕಿದ. ಮರುದಿನ ಶಾಲೆಯ ಟೀಚರು ಆ ಮಗುವನ್ನು ತಂದು ಪಿಯರ್ಸ್ ಕೈಗೇ ಕೊಟ್ಟು, ಈಗ ಇವಳಿಗೆ ಏನು ಮಾಡ್ತೀರಿ ಅಂತ ಕೇಳಿದರು. ಪಿಯರ್ಸ್ ಹತ್ತಿರ ಉಳಿದಿದ್ದು ಐದು ಡಾಲರ್. ಅದನ್ನೇ ಕೊಟ್ಟು, ತಿಂಗಳು ತಿಂಗಳು ಅಷ್ಟೇ ಕಳಿಸ್ತೀನಿ ಅಂತ ಮಾತು ಕೊಟ್ಟರು. 1950ರಲ್ಲಿ ವರ್ಲ್ಡ್ ವಿಷನ್ ಶುರುವಾಯಿತು.

ಇದನ್ನು ಎಲ್ಲರೂ ಕರುಣೆಯ ಕಥೆ ಅಂತ ಓದ್ತಾರೆ. ಕರುಣೆ ಖಂಡಿತ ಇದೆ. ಕೈಯಲ್ಲಿದ್ದ ಕೊನೇ ಐದು ಡಾಲರ್ ಕೊಡೋರು ಎಷ್ಟು ಜನ ಇದ್ದಾರೆ? ಆದರೆ ನಾನು ಓದಿದಾಗ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಉಪದೇಶ ಮಾಡಿದವರು ಒಬ್ಬರು. ಅದನ್ನು ನಿಜ ಅಂತ ನಂಬಿ ಮನೆಗೆ ಹೋಗಿ ಏಟು ತಿಂದವಳು ಇನ್ನೊಬ್ಬಳು. ಪಿಯರ್ಸ್ ಅವರ ನಂಬಿಕೆಗೆ ಬೆಲೆ ತೆತ್ತಿದ್ದು ಆ ಹುಡುಗಿ. ಟೀಚರು ಕೇಳಿದ ಪ್ರಶ್ನೆಯ ಸಿಟ್ಟು ಅದೇ ಅಂತ ನನಗನ್ನಿಸುತ್ತೆ: ನೀವು ಹೇಳಿ ಹೊರಟು ಹೋಗ್ತೀರಿ, ಇವಳ ಗತಿ?

ಕಂಪ್ಯಾಷನ್ ಸಂಸ್ಥೆಯ ಕಥೆ ಕೊರಿಯಾದ್ದು. 1952ರಲ್ಲಿ, ಯುದ್ಧ ನಡೆಯುತ್ತಿದ್ದಾಗ, ಎವರೆಟ್ ಸ್ವಾನ್ಸನ್ ಅನ್ನೋ ಪಾದ್ರಿ ಅಮೆರಿಕದ ಸೈನಿಕರಿಗೆ ಉಪದೇಶ ಮಾಡೋಕೆ ಅಲ್ಲಿಗೆ ಹೋಗಿದ್ದರು. ಒಂದು ಬೆಳಿಗ್ಗೆ ಬೀದಿಯಲ್ಲಿ ಕೆಲಸದವರು ಚಿಂದಿ ಬಟ್ಟೆಯ ಗಂಟುಗಳನ್ನು ಎತ್ತಿ ಲಾರಿಗೆ ಎಸೀತಿದ್ದರಂತೆ. ಹತ್ತಿರ ಹೋಗಿ ನೋಡಿದರೆ ಅವು ಗಂಟುಗಳಲ್ಲ. ರಾತ್ರಿ ಚಳಿಗೆ ಸತ್ತ ಅನಾಥ ಮಕ್ಕಳು. ಊರಿಗೆ ವಾಪಸ್ ಹೋದ ಮೇಲೆ ಅವರಿಗೆ ಸುಮ್ಮನಿರೋದಕ್ಕೆ ಆಗಲಿಲ್ಲ.

ಒಬ್ಬ ದಾನಿ, ಒಂದು ಮಗು ಅನ್ನೋ ಉಪಾಯ ಕ್ರೈಸ್ತರ ಸ್ವತ್ತೇನಲ್ಲ. 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ ಬ್ರಿಟಿಷ್ ಪತ್ರಕರ್ತ ಜಾನ್ ಲ್ಯಾಂಗ್ಡನ್-ಡೇವಿಸ್ ಇದೇ ದಾರಿ ಹಿಡಿದಿದ್ದರು. ಅದಕ್ಕೂ ಚರ್ಚಿಗೂ ಸಂಬಂಧ ಇರಲಿಲ್ಲ. ಆದರೆ ಚರ್ಚುಗಳ ಕೈಗೆ ಬಂದ ಮೇಲೆ ಇದು ಮನೆಮನೆಯ ಆಚರಣೆ ಆಯಿತು. ಪುಲ್ಪಿಟ್ಟಿನಿಂದ ಭಾನುವಾರ ಒಂದು ಕರೆ, ಹೊರಗಡೆ ಮೇಜಿನ ಮೇಲೆ ಮಕ್ಕಳ ಫೋಟೋ ಇರೋ ಕಾರ್ಡುಗಳು, ಒಂದನ್ನು ಆರಿಸಿಕೊಂಡು ಮನೆಗೆ ಹೋಗೋದು.

ಯಾಕೆ ಫೋಟೋ ಬೇಕು? ಕಷ್ಟದಲ್ಲಿರೋ ಮಕ್ಕಳು ಇದ್ದಾರೆ ಅಂತ ಗೊತ್ತಾದರೆ ಸಾಲದಾ?

1971ರಲ್ಲಿ ಪೀಟರ್ ಸಿಂಗರ್ ಅನ್ನೋ ತತ್ವಶಾಸ್ತ್ರಜ್ಞ ಒಂದು ಪ್ರಬಂಧ ಬರೆದರು. ಆಗ ಬಾಂಗ್ಲಾದ ನಿರಾಶ್ರಿತರು ಲಕ್ಷಗಟ್ಟಲೆ ಬಂದು ನಮ್ಮ ಗಡಿಯ ಶಿಬಿರಗಳಲ್ಲಿದ್ದ ಕಾಲ. ಅವರ ಉದಾಹರಣೆ ನಮ್ಮೂರ ಭಾಷೆಯಲ್ಲಿ ಹೇಳಬೇಕೆಂದರೆ ಹೀಗೆ. ನೀವು ಕಟ್ಟೆ ಪಕ್ಕ ನಡ್ಕೊಂಡು ಹೋಗ್ತಿದ್ದೀರಿ, ಮೊಣಕಾಲುದ್ದದ ನೀರಲ್ಲಿ ಒಂದು ಮಗು ಮುಳುಗ್ತಿದೆ. ಪ್ಯಾಂಟು ಕೆಸರಾಗುತ್ತೆ ಅಂತ ಯಾರೂ ನಿಲ್ಲಲ್ಲ. ಹಾಗಿದ್ದ ಮೇಲೆ ಮಗು ಹತ್ತು ಗಜ ದೂರ ಇದ್ದರೇನು, ಹತ್ತು ಸಾವಿರ ಮೈಲಿ ದೂರ ಇದ್ದರೇನು? ಕರ್ತವ್ಯ ಒಂದೇ. ಸಿಂಗರ್ ಅವರಿಗೆ ದೇವರ ಮೇಲೆ ನಂಬಿಕೆ ಇಲ್ಲ. ಆದರೂ ಲೆಕ್ಕದಲ್ಲಿ ಅವರು ಎಷ್ಟೋ ಪಾದ್ರಿಗಳಿಗಿಂತ ಬಿಗಿ.

ಲೆಕ್ಕ ಸರಿ. ಆದರೆ ಮನುಷ್ಯ ಲೆಕ್ಕಕ್ಕೆ ಅಲುಗಾಡಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ, ಡೆಬೊರಾ ಸ್ಮಾಲ್, ಜಾರ್ಜ್ ಲೊವೆನ್‌ಸ್ಟೈನ್, ಪಾಲ್ ಸ್ಲೊವಿಕ್ ಮಾಡಿದ್ದು. ಕೆಲವರಿಗೆ ಆಫ್ರಿಕಾದ ಹಸಿವಿನ ಅಂಕಿ-ಅಂಶ ತೋರಿಸಿದರು. ಇನ್ನು ಕೆಲವರಿಗೆ ಮಾಲಿ ದೇಶದ ಏಳು ವರ್ಷದ ಒಬ್ಬ ಹುಡುಗಿಯ ಕಥೆ ಹೇಳಿದರು. ಹುಡುಗಿಯ ಕಥೆ ಕೇಳಿದವರು ಹೆಚ್ಚು ಕೊಟ್ಟರು. ತಮಾಷೆ ಅಂದರೆ, ಹುಡುಗಿಯ ಕಥೆಯ ಜೊತೆಗೆ ಅಂಕಿ-ಅಂಶವನ್ನೂ ಕೊಟ್ಟಾಗ ದಾನ ಕಡಿಮೆಯಾಯಿತು. ಲಕ್ಷ ಅನ್ನೋ ಸಂಖ್ಯೆ ಬಂದ ತಕ್ಷಣ ಒಂದು ಮುಖ ಮಸುಕಾಗುತ್ತೆ. ಪಿಯರ್ಸ್, ಸ್ವಾನ್ಸನ್ ಇಬ್ಬರಿಗೂ ಇದು ಯಾವ ಅಧ್ಯಯನವೂ ಇಲ್ಲದೆ ಗೊತ್ತಿತ್ತು.

ಸರಿ, ಮುಖ ತೋರಿಸಿ ದುಡ್ಡು ತಂದಿರಿ. ಮಗುವಿಗೆ ಏನಾಯಿತು?

ನಾನು ಇಂಜಿನಿಯರ್. ಫೀಚರ್ ಚೆನ್ನಾಗಿದೆ ಅಂದರೆ ಟೆಸ್ಟ್ ರಿಪೋರ್ಟ್ ಕೇಳೋದು ಅಭ್ಯಾಸ. ಇಲ್ಲಿ ಒಂದು ಒಳ್ಳೆ ರಿಪೋರ್ಟ್ ಇದೆ. ಬ್ರೂಸ್ ವೈಡಿಕ್, ಪಾಲ್ ಗ್ಲೂವಿ, ಲೇನ್ ರಟ್ಲೆಡ್ಜ್ ಅನ್ನೋ ಅರ್ಥಶಾಸ್ತ್ರಜ್ಞರು ಕಂಪ್ಯಾಷನ್ ನೆರವು ಪಡೆದಿದ್ದ ಮಕ್ಕಳು ದೊಡ್ಡವರಾದ ಮೇಲೆ ಏನಾದರು ಅಂತ ಹುಡುಕಿಕೊಂಡು ಹೋದರು. ಆರು ದೇಶ: ಭಾರತ, ಫಿಲಿಪ್ಪೀನ್ಸ್, ಕೀನ್ಯಾ, ಉಗಾಂಡಾ, ಬೊಲಿವಿಯಾ, ಗ್ವಾಟೆಮಾಲಾ. ಒಟ್ಟು 10,144 ಜನ. ಜಾಣತನ ಎಲ್ಲಿದೆ ಅಂದರೆ, ಕಾರ್ಯಕ್ರಮ ಊರಿಗೆ ಬಂದಾಗ ವಯಸ್ಸು ಮೀರಿದ್ದ ಕಾರಣಕ್ಕೆ ಸೇರೋಕಾಗದ ಅಣ್ಣ ಅಕ್ಕಂದಿರ ಜೊತೆ ಹೋಲಿಸಿ ನೋಡಿದರು. ಅದೇ ಮನೆ, ಅದೇ ಅಪ್ಪ ಅಮ್ಮ. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನೆರವು ಪಡೆದವರು ಸುಮಾರು ಒಂದರಿಂದ ಒಂದೂವರೆ ವರ್ಷ ಹೆಚ್ಚು ಓದಿದ್ದರು. ಹೈಸ್ಕೂಲು ಓದು ಮುಗಿಸುವವರ ಪ್ರಮಾಣ 12ರಿಂದ 18 ಶೇಕಡಾಂಶ ಹೆಚ್ಚಿತ್ತು. ಕೂಲಿ ಬಿಟ್ಟು ಆಫೀಸು, ಶಾಲೆಯಂಥ ಕೆಲಸಕ್ಕೆ ಹೋದವರೂ ಹೆಚ್ಚು.

ಸಣ್ಣ ಮಾತಲ್ಲ ಇದು. ಹಳ್ಳಿಯಲ್ಲಿ ಒಂದು ವರ್ಷದ ಓದು ಅಂದರೆ ಏನು ಅಂತ ನನಗೆ ಗೊತ್ತು. ಎಸ್ಸೆಸ್ಸೆಲ್ಸಿ ಫೇಲಾದವನಿಗೂ ಪಾಸಾದವನಿಗೂ ನಡುವೆ ಇರೋದು ಒಂದೇ ವರ್ಷ. ಪಾಸಾದವನು ತುಮಕೂರಿನ ಬಸ್ಸು ಹತ್ತುತ್ತಾನೆ.

ಆದರೆ ಯಾವ ಔಷಧಿ ಕೆಲಸ ಮಾಡಿತು? ಫೀಸು, ಯೂನಿಫಾರ್ಮು, ಆರೋಗ್ಯ ತಪಾಸಣೆ, ಚರ್ಚಿನ ಕೇಂದ್ರದಲ್ಲಿ ಶಾಲೆ ಮುಗಿದ ಮೇಲಿನ ಪಾಠ, ದೂರದ ಒಬ್ಬರ ಕಾಗದ, ಎಲ್ಲ ಕಲಸಿದ ಮಿಶ್ರಣ ಅದು. ವೈಡಿಕ್ ತಂಡಕ್ಕೂ ಈ ಅನುಮಾನ ಬಂತು. ಮುಂದೆ ಅವರು ಇಂಡೋನೇಷ್ಯಾದ ಮಕ್ಕಳಿಗೆ ಹಾಳೆ, ಬಣ್ಣದ ಪೆನ್ಸಿಲ್ ಕೊಟ್ಟು ನಿಮ್ಮದೇ ಚಿತ್ರ ಬರೀರಿ ಅಂದರು. ಮಕ್ಕಳ ಮನಶ್ಶಾಸ್ತ್ರದಲ್ಲಿ ಇಂಥ ಚಿತ್ರ ಓದೋ ಕ್ರಮ ಇದೆ. ಬಾಯಿ ಬರೆಯದಿರೋದು, ಕೈ ಬೆನ್ನ ಹಿಂದೆ ಇರೋದು, ಹಾಳೆಯ ಮೂಲೆಯಲ್ಲಿ ತೀರಾ ಚಿಕ್ಕದಾಗಿ ಬರೆಯೋದು, ಇದಕ್ಕೆಲ್ಲ ಅರ್ಥ ಇದೆ. ನೆರವು ಸಿಕ್ಕ ಮಕ್ಕಳ ಚಿತ್ರಗಳಲ್ಲಿ ಖುಷಿ, ಭರವಸೆ ಹೆಚ್ಚಿತ್ತು. ಅಂದರೆ ಕೆಲಸ ಮಾಡಿದ್ದು ಬರೀ ದುಡ್ಡಲ್ಲ ಅಂತ ಕಾಣುತ್ತೆ. “ನೀನು ಮುಂದೆ ಏನೋ ಆಗ್ತೀಯ” ಅಂತ ಯಾರೋ ನಂಬಿದ್ದೂ ಕೆಲಸ ಮಾಡಿದೆ.

ಇಲ್ಲಿ ನನ್ನದೊಂದು ವಿಷಯ ಹೇಳಬೇಕು.

ಪಿಯುಸಿಯಿಂದ ಬಿಇ ಮುಗಿಯುವವರೆಗೆ ನನಗೆ ಒಂದು ಟ್ರಸ್ಟಿನಿಂದ ವಿದ್ಯಾರ್ಥಿವೇತನ ಬರ್ತಿತ್ತು. ಕೊಬ್ಬರಿ ರೇಟು ಬಿದ್ದ ವರ್ಷಗಳು ಅವು. ಆ ದುಡ್ಡು ಬರದಿದ್ದರೆ ನಾನು ಬೆಂಗಳೂರಿಗೆ ಬರ್ತಿದ್ದಿದ್ದು ಬೇರೆ ಕೆಲಸಕ್ಕೆ. ಪ್ರತಿ ವರ್ಷ ಒಂದು ಸಮಾರಂಭ. ಫಲಾನುಭವಿಗಳೆಲ್ಲ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂರಬೇಕು. ಹೆಸರು ಕೂಗಿದಾಗ ಸ್ಟೇಜಿಗೆ ಹೋಗಿ, ದಾನಿಯ ಕಾಲು ಮುಟ್ಟಿ, ಚೆಕ್ಕು ತಗೊಂಡು, ಕ್ಯಾಮೆರಾ ಕಡೆ ತಿರುಗಿ ನಿಲ್ಲಬೇಕು. ಅದಕ್ಕೆ ಮುಂಚೆ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಜೊತೆ ಒಂದು ಕೃತಜ್ಞತಾ ಪತ್ರ ಕಳಿಸಬೇಕು. “ತಮ್ಮ ಆಶೀರ್ವಾದದಿಂದ” ಅಂತ ಶುರು ಮಾಡಬೇಕು ಅಂತ ಅಲ್ಲಿನ ಕ್ಲಾರ್ಕು ಹೇಳಿಕೊಟ್ಟಿದ್ದರು. ಮೂರನೇ ಸೆಮಿಸ್ಟರಿನಲ್ಲಿ ಮಾರ್ಕ್ಸು ಕಡಿಮೆಯಾದಾಗ ನನಗೆ ಸಬ್ಜೆಕ್ಟಿನ ಚಿಂತೆಗಿಂತ ಹೆಚ್ಚು ಕಾಡಿದ್ದು ಆ ಪತ್ರ ಹೇಗೆ ಬರೆಯೋದು ಅನ್ನೋದು.

ಅದೇ ದಾನಿ ಒಂದು ವರ್ಷ ಚೆಕ್ಕು ಕೊಡ್ತಾ ಮೆಲ್ಲಗೆ ಕೇಳಿದರು, “ಮುಂದೇನು ಓದ್ಬೇಕು ಅಂತಿದೀಯಪ್ಪ?” ಎರಡೇ ನಿಮಿಷದ ಮಾತು. ನಮ್ಮ ಮನೇಲಿ ಆ ಪ್ರಶ್ನೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಓದು ಮುಗಿದರೆ ಸಾಕು ಅನ್ನೋ ಮನೆ ನಮ್ಮದು, ‘ಮುಂದೆ’ ಅನ್ನೋ ಪದಕ್ಕೆ ಜಾಗ ಇರಲಿಲ್ಲ. ಇವತ್ತಿಗೂ ಆ ಪ್ರಶ್ನೆ ಚೆಕ್ಕಿಗಿಂತ ದೊಡ್ಡದು ಅಂತ ನನಗನ್ನಿಸುತ್ತೆ.

ನೋಡಿ, ಒಂದೇ ಮನುಷ್ಯ, ಒಂದೇ ಸ್ಟೇಜು. ಒಂದು ನನ್ನನ್ನು ಕುಗ್ಗಿಸಿತು, ಒಂದು ಎತ್ತಿತು. ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಪದ ಇದೆ. ಋಣ ಮತ್ತು ಹಂಗು. ಋಣ ಅನ್ನೋದು ತಗೊಂಡವನ ಎದೆಯಲ್ಲಿ ತಾನಾಗೇ ಹುಟ್ಟೋದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ತೀರಿಸೋಕೂ ಅವನದೇ ದಾರಿ. ಹಂಗು ಅನ್ನೋದು ಕೊಟ್ಟವನು ಇಟ್ಟುಕೊಳ್ಳೋ ಹಿಡಿತ. ನಮ್ಮ ಹಿರಿಯ ಬರಹಗಾರರ ಆತ್ಮಕಥೆಗಳಲ್ಲಿ ವಾರಾನ್ನದ ಪ್ರಸಂಗಗಳು ಬರುತ್ತವಲ್ಲ, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ. ಅಲ್ಲಿ ಅನ್ನ ಎಲ್ಲ ಮನೆಯಲ್ಲೂ ಒಂದೇ. ಬಡಿಸುವ ಕೈ ಮಾತ್ರ ಬೇರೆ ಬೇರೆ.

ಸ್ಪಾನ್ಸರ್‌ಶಿಪ್ ಮೇಲೆ ಬಂದಿರೋ ಟೀಕೆಗಳನ್ನು ಈ ಎರಡು ಪದ ಇಟ್ಟುಕೊಂಡು ಓದಿದರೆ ಹೆಚ್ಚು ಅರ್ಥವಾಗುತ್ತೆ. 1982ರ ಮೇ ತಿಂಗಳಲ್ಲೇ ‘ನ್ಯೂ ಇಂಟರ್‌ನ್ಯಾಷನಲಿಸ್ಟ್’ ಅನ್ನೋ ಪತ್ರಿಕೆ, ದಯವಿಟ್ಟು ಮಗುವನ್ನು ಸ್ಪಾನ್ಸರ್ ಮಾಡಬೇಡಿ ಅಂತ ಇಡೀ ಒಂದು ಸಂಚಿಕೆ ತಂದಿತ್ತು. ಊರಿಗೆಲ್ಲ ಬಾವಿ ಬೇಕಿರುವಾಗ ಒಂದು ಮಗುವನ್ನು ಆರಿಸಿ ಫೋಟೋ ತೆಗೆಯೋದು ಎಂಥ ನ್ಯಾಯ ಅನ್ನೋದು ಅಂಥ ಟೀಕೆಯ ತಿರುಳು. ವರ್ಲ್ಡ್ ವಿಷನ್‌ನಂಥ ಸಂಸ್ಥೆಗಳು ಈಗ ದುಡ್ಡನ್ನು ಒಟ್ಟುಗೂಡಿಸಿ ಊರಿನ ನೀರು, ಶಾಲೆ, ಆರೋಗ್ಯಕ್ಕೆ ಹಾಕುತ್ತವೆ. ಕಂಪ್ಯಾಷನ್ ಸ್ಥಳೀಯ ಚರ್ಚಿನ ಕೇಂದ್ರದ ಮೂಲಕವೇ ಮಗುವಿಗೆ ತಲುಪಿಸುತ್ತೆ. ಮೊದಲನೆಯದರಲ್ಲಿ ಫೋಟೋದ ಮಗು ಊರಿನ ಪ್ರತಿನಿಧಿ ಅಷ್ಟೇ. ಆ ಮಾತನ್ನು ದಾನಿಗೆ ನೇರವಾಗಿ ಹೇಳಿದರೆ ಮೋಸವಿಲ್ಲ. ಹೇಳದೆ ಇದ್ದಾಗ ಏನಾಗುತ್ತೆ ಅಂತ 1998ರಲ್ಲಿ ‘ಷಿಕಾಗೊ ಟ್ರಿಬ್ಯೂನ್’ ತೋರಿಸಿತು. ಅದರ ಪತ್ರಕರ್ತರು ತಾವೇ ಬೇರೆ ಬೇರೆ ಸಂಸ್ಥೆಗಳ ಮೂಲಕ ಹನ್ನೆರಡು ಮಕ್ಕಳಿಗೆ ದುಡ್ಡು ಕಟ್ಟಿ, ಆಮೇಲೆ ಹುಡುಕಿಕೊಂಡು ಹೋದರು. ಮಾಲಿಯ ಒಬ್ಬ ಹುಡುಗಿ ಸಿಡಿಲು ಬಡಿದು ಸತ್ತು ಹೋಗಿದ್ದಳು. ಅವಳ ಹೆಸರಲ್ಲಿ ದುಡ್ಡು ಮಾತ್ರ ಹೋಗ್ತಾನೇ ಇತ್ತು.

ಈಗ ನಂಬಿಕೆಯ ಮಾತಿಗೆ ಬರೋಣ. ಯಾಕೆಂದರೆ ಸ್ಪಾನ್ಸರ್ ಮಾಡುವ ಕ್ರೈಸ್ತರು ಇದನ್ನು ಬರೀ ಸಮಾಜಸೇವೆ ಅಂದುಕೊಂಡಿಲ್ಲ. ಯೇಸುವಿನ ಮಾತಿಗೆ ಓಗೊಡೋದು ಅಂದುಕೊಂಡಿದ್ದಾರೆ. ಅವರು ಹೆಚ್ಚಾಗಿ ನೆನೆಯೋದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ. ಕೊನೆಯ ತೀರ್ಪಿನ ದಿನ ರಾಜನು, ಹಸಿದವರಿಗೆ ಉಣಿಸಿದವರನ್ನು, ಬಟ್ಟೆ ಇಲ್ಲದವರಿಗೆ ಕೊಟ್ಟವರನ್ನು, ಸೆರೆಯಲ್ಲಿದ್ದವರನ್ನು ನೋಡಲು ಹೋದವರನ್ನು ಬಲಗಡೆಗೆ ಕರೆಯುತ್ತಾನೆ. ಇದನ್ನೆಲ್ಲ ನೀವು ನನಗೇ ಮಾಡಿದಿರಿ ಅನ್ನುತ್ತಾನೆ.

ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ತಿರುವಿದೆ. ಬಲಗಡೆ ನಿಂತವರಿಗೇ ಆಶ್ಚರ್ಯ. ನಾವು ಯಾವಾಗ ನಿನ್ನನ್ನು ನೋಡಿದೆವು ಅಂತ ಅವರು ವಾಪಸ್ ಕೇಳ್ತಾರೆ! ಅವರಿಗೆ ಗೊತ್ತೇ ಇರಲಿಲ್ಲ. ರಾಜನಿಗೆ ಸಲ್ಲುತ್ತೆ ಅಂತ ಅವರು ಉಣಿಸಿದ್ದಲ್ಲ. ಎದುರಿಗೆ ಒಬ್ಬ ಹಸಿದಿದ್ದ, ಉಣಿಸಿದರು, ಮರೆತರು. ಅದೇ ಸುವಾರ್ತೆಯಲ್ಲಿ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಅನ್ನೋ ಬೋಧನೆಯೂ ಇದೆ. ನಮ್ಮ ಗುಪ್ತದಾನ ಅದೇ ತಾನೇ? ಶರಣರ ದಾಸೋಹದಲ್ಲೂ ಇದೇ ಎಳೆ: ಕೊಡುವವನು ದಾತ ಅಲ್ಲ, ದಾಸ.

ಅಂದರೆ ಈ ನಂಬಿಕೆ ತನ್ನ ಮೂಲದಲ್ಲೇ ಹಂಗಿಗೆ ವಿರುದ್ಧ. ದೇವರು ಮಗುವಿನ ರೂಪದಲ್ಲಿ ನಿಮ್ಮ ಮುಂದೆ ನಿಂತಿದ್ದಾನೆ ಅಂತ ನಿಜವಾಗಿ ನಂಬಿದವನು ಆ ಮಗುವಿನಿಂದ ಮಾರ್ಕ್ಸ್ ಕಾರ್ಡು ಕೇಳಲಾರ. ನನ್ನ ದೇವರನ್ನು ನಂಬು ಅಂತಲೂ ಕೇಳಲಾರ. ಕೊಡೋದಕ್ಕೆ ಕಾರಣವಾಗಿ ನಂಬಿಕೆ ಇರಲಿ. ತಗೊಳ್ಳೋದಕ್ಕೆ ಶುಲ್ಕವಾಗಿ ಅದು ಬಂದ ಕ್ಷಣ ದಾನದ ಅರ್ಥವೇ ಕೆಡುತ್ತೆ. ಇದನ್ನು ಹೇಳೋದು ಸುಲಭ. ಪರೀಕ್ಷೆ ಆಗೋದು ಕೊಡುವವನಿಗೆ ಸಿಟ್ಟು ಬಂದಾಗ.

ಅಂಥ ಒಂದು ಪರೀಕ್ಷೆ 2014ರ ಮಾರ್ಚಿನಲ್ಲಿ ನಡೆಯಿತು. ಅಮೆರಿಕದ ವರ್ಲ್ಡ್ ವಿಷನ್, ಸಲಿಂಗ ವಿವಾಹವಾದ ಕ್ರೈಸ್ತರನ್ನೂ ಕೆಲಸಕ್ಕೆ ತಗೊಳ್ಳುತ್ತೇವೆ ಅಂತ ಪ್ರಕಟಿಸಿತು. ಸಂಪ್ರದಾಯಸ್ಥ ಚರ್ಚುಗಳಲ್ಲಿ ಭಾರೀ ಗಲಾಟೆ. ಎರಡೇ ದಿನದಲ್ಲಿ ಸಂಸ್ಥೆ ನಿರ್ಧಾರ ವಾಪಸ್ ತಗೊಂಡಿತು. ಅಷ್ಟರಲ್ಲಿ ಸುಮಾರು 10 ಸಾವಿರ ಮಕ್ಕಳ ಸ್ಪಾನ್ಸರ್‌ಶಿಪ್ ರದ್ದಾಗಿತ್ತು ಅಂತ ಆಗಿನ ಅಧ್ಯಕ್ಷರೇ ಹೇಳಿದರು. ಆ ದಾನಿಗಳಿಗೆ ತಮ್ಮ ನಂಬಿಕೆಯ ಬಗ್ಗೆ ಪ್ರಾಮಾಣಿಕ ಕಾಳಜಿ ಇತ್ತು, ಒಪ್ಪೋಣ. ನಾನು ಅವರ ಅಭಿಪ್ರಾಯ ಒಪ್ಪಲ್ಲ, ಆದರೂ ಅದು ಅವರ ಹಕ್ಕು. ಆದರೆ ಅಮೆರಿಕದ ಆಫೀಸಿನಲ್ಲಿ ಯಾರನ್ನು ಕೆಲಸಕ್ಕೆ ತಗೊಳ್ತಾರೆ ಅನ್ನೋದಕ್ಕೂ ಫ್ರಿಜ್ ಮೇಲಿದ್ದ ಆ ಫೋಟೋದ ಮಗುವಿಗೂ ಏನು ಸಂಬಂಧ? ಸಿಟ್ಟು ದೊಡ್ಡವರದು. ಕಾಗದ ನಿಂತು ಹೋಗೋದು ಮಗುವಿಗೆ.

ಇನ್ನೊಂದು ಪರೀಕ್ಷೆ ನಮ್ಮ ದೇಶದ್ದು. ಕಂಪ್ಯಾಷನ್ ಭಾರತದಲ್ಲಿ 1968ರಿಂದ ಕೆಲಸ ಮಾಡ್ತಿತ್ತು. 2016ರಲ್ಲಿ ಕೇಂದ್ರ ಗೃಹ ಸಚಿವಾಲಯ ವಿದೇಶಿ ದೇಣಿಗೆ ಕಾಯ್ದೆಯ ಅಡಿ, ಈ ಸಂಸ್ಥೆಯ ದುಡ್ಡು ಬರಬೇಕಾದರೆ ಮುಂಚಿತವಾಗಿ ಅನುಮತಿ ಬೇಕು ಅನ್ನೋ ಪಟ್ಟಿಗೆ ಸೇರಿಸಿತು. ಮತಾಂತರಕ್ಕೆ ದುಡ್ಡು ಹೋಗ್ತಿದೆ ಅನ್ನೋದು ಆರೋಪ. ಸಂಸ್ಥೆ ಅದನ್ನು ನಿರಾಕರಿಸಿತು. 2017ರ ಮಾರ್ಚಿನಲ್ಲಿ ಭಾರತದ ಕಾರ್ಯಕ್ರಮ ಮುಚ್ಚಿತು. 1 ಲಕ್ಷ 40 ಸಾವಿರಕ್ಕೂ ಹೆಚ್ಚು ಮಕ್ಕಳು ಅದರಲ್ಲಿದ್ದರು.

ಆ ಸಮಯಕ್ಕೆ ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಕಡೆ ಒಬ್ಬ ಹಿರಿಯರಿದ್ದರು, ಟೆಕ್ಸಸ್‌ನವರು. ಒಂದು ಕಾಲ್ ಮುಗಿದ ಮೇಲೆ, ಒಂದ್ನಿಮಿಷ ಇರು ಅಂದರು. ತಮಿಳುನಾಡಿನ ಒಂದು ಹುಡುಗಿಗೆ ಏಳು ವರ್ಷದಿಂದ ದುಡ್ಡು ಕಳಿಸ್ತಿದ್ದರಂತೆ. ಇನ್ನು ಆಗಲ್ಲ ಅಂತ ಸಂಸ್ಥೆಯಿಂದ ಮೇಲ್ ಬಂದಿದೆ. ನೀನು ಅಲ್ಲೇ ಇದೀಯಲ್ಲ, ಅವಳ ಊರು ಪತ್ತೆ ಮಾಡೋಕಾಗುತ್ತಾ, ನಾನೇ ನೇರ ಫೀಸು ಕಟ್ತೀನಿ ಅಂದರು. ಮಕ್ಕಳ ವಿಳಾಸ ದಾನಿಗಳಿಗೆ ಕೊಡಲ್ಲ. ಮಗುವಿನ ಸುರಕ್ಷತೆ ದೃಷ್ಟಿಯಿಂದ ಅದು ಸರಿಯೇ. ಆಗಲ್ಲ ಸಾರ್ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ: ನಾನೇ ಬಿಟ್ಟುಬಿಟ್ಟೆ ಅಂತ ಅವಳು ಅಂದುಕೊಳ್ತಾಳಾ? ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರ್ಕಾರಕ್ಕೆ ಪ್ರಶ್ನೆ ಕೇಳುವ ಅಧಿಕಾರ ಇದೆ. ಹೊರಗಿನ ದುಡ್ಡು ಬಡವರ ಮನೆಗೆ ಬರುವಾಗ ಅದರ ಜೊತೆ ಏನು ಬರ್ತಿದೆ ಅಂತ ನೋಡಬೇಕಾದ್ದೇ. ಹಸಿದ ಮಗುವಿನ ಮುಂದೆ ಅನ್ನವನ್ನೂ ದೇವರನ್ನೂ ಒಟ್ಟಿಗೆ ಇಟ್ಟರೆ, ಮಗು ಆರಿಸಿಕೊಂಡಿದ್ದು ಯಾವುದನ್ನು ಅಂತ ಹೇಳೋದು ಕಷ್ಟ. ಚರ್ಚಿನ ಕೇಂದ್ರದಲ್ಲೇ ಎಲ್ಲ ನಡೆಯುವ ಪದ್ಧತಿಯಲ್ಲಿ ಈ ಅನುಮಾನ ಬರೋದು ಸಹಜ. ಆದರೆ ಅನುಮಾನಕ್ಕೆ ತನಿಖೆ ಪರಿಹಾರ. ದೊಡ್ಡವರ ಎರಡು ನಂಬಿಕೆಗಳು ಜಗಳಕ್ಕೆ ನಿಂತಾಗ ಶಾಲೆ ಬಿಡಬೇಕಾದ ಮಗು ಯಾವ ಪಕ್ಷದ್ದೂ ಅಲ್ಲ. 1947ರ ಆ ಟೀಚರು ಇದ್ದಿದ್ದರೆ ಇಲ್ಲೂ ಅದೇ ಕೇಳ್ತಿದ್ದರು.

ಕ್ರೈಸ್ತರನ್ನು ಮಾತ್ರ ಕಟಕಟೆಗೆ ನಿಲ್ಲಿಸಿ ನಾವು ಆಚೆ ನಿಂತು ನೋಡೋ ಹಾಗೂ ಇಲ್ಲ. ನಮ್ಮ ಜಿಲ್ಲೆಯ ಸಿದ್ಧಗಂಗಾ ಮಠದಲ್ಲಿ ಜಾತಿ ಕೇಳದೆ ಸುಮಾರು 10 ಸಾವಿರ ಮಕ್ಕಳಿಗೆ ಊಟ, ವಸತಿ, ಓದು ಸಿಗುತ್ತೆ. ಅಲ್ಲಿನ ಸಾಮೂಹಿಕ ಪ್ರಾರ್ಥನೆ ನೋಡಿದವರ ಕಣ್ಣು ತುಂಬುತ್ತೆ. ನನ್ನ ಕಣ್ಣೂ ತುಂಬಿದೆ. ಅದನ್ನು ನಾವು ಸಂಸ್ಕಾರ ಅಂತೀವಿ. ಚರ್ಚಿನ ಕೇಂದ್ರದಲ್ಲಿ ಮಗು ಪ್ರಾರ್ಥನೆ ಹೇಳಿದರೆ ಇನ್ನೊಂದು ಹೆಸರು. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಸುತ್ತಲಿನ ಊರಿನದೇ ಆದ ಆಚರಣೆಗೂ, ಮನೆಯಿಂದ ಬೇರೆ ಮಾಡಬಹುದಾದ ಹೊಸ ನಂಬಿಕೆಗೂ ವ್ಯತ್ಯಾಸ ಇದೆ. ಆದರೆ ಅಳೆಯುವ ಕೋಲು ಒಂದೇ ಇರಲಿ. ನಾಳೆ ಈ ಮಗು ದೊಡ್ಡವನಾಗಿ ನಿಮ್ಮ ದೇವರು ನನಗೆ ಬೇಡ ಅಂದರೆ, ಅವನಿಗೆ ಅನ್ನ ಹಾಕಿದ್ದಕ್ಕೆ ನೀವು ಸಂಕಟ ಪಡ್ತೀರಾ? ಇಲ್ಲ ಅಂದರೆ ನಿಮ್ಮದು ದಾನ. ಹೌದು ಅಂದರೆ ಅದು ಇನ್‌ವೆಸ್ಟ್‌ಮೆಂಟ್, ರಿಟರ್ನ್ ಬಂದಿಲ್ಲ ಅಷ್ಟೇ.

ವರ್ಲ್ಡ್ ವಿಷನ್ 2019ರಲ್ಲಿ ಒಂದು ಬದಲಾವಣೆ ಮಾಡಿತು. ದಾನಿ ಮಗುವಿನ ಫೋಟೋ ಆರಿಸೋ ಬದಲು, ದಾನಿಗಳ ಫೋಟೋಗಳನ್ನು ಸಾಲಾಗಿ ನೇತುಹಾಕಿ ಮಗುವೇ ಆರಿಸಿಕೊಳ್ಳಲಿ ಅಂತ. ಮೊದಲು ಓದಿದಾಗ ಇದು ಮಾರ್ಕೆಟಿಂಗ್ ಅನ್ನಿಸಿತು. ಅದೂ ಇರಬಹುದು. ಆದರೆ ಯೋಚಿಸಿ ನೋಡಿ: ನಿಮ್ಮ ಫೋಟೋ ಹಗ್ಗಕ್ಕೆ ನೇತಾಡ್ತಿದೆ, ಯಾವುದೋ ಊರಿನ ಆರು ವರ್ಷದ ಹುಡುಗಿ ನಿಮ್ಮನ್ನು ದಾಟಿ ಪಕ್ಕದ ಫೋಟೋಗೆ ಹೋಗ್ತಾಳೆ. ಬೇರೆಯವರು ನಮ್ಮನ್ನು ನೋಡಿ ಆರಿಸೋದು ಹೇಗಿರುತ್ತೆ ಅಂತ ದಾನಿಗೆ ಒಂದು ಗಳಿಗೆ ಗೊತ್ತಾದರೂ ಲಾಭವೇ.

ನಮ್ಮ ಪೀಳಿಗೆಯ ಎಷ್ಟೋ ಜನ ಈಗ ಯಾರದೋ ಮಗುವಿನ ಓದಿಗೆ ಕೊಡ್ತಿದ್ದೀವಿ. ಮನೆಕೆಲಸದವರ ಮಗಳಿಗೆ, ಊರಿನ ಗೆಳೆಯನ ಮಗನಿಗೆ, ಕಂಪನಿಯ ಪೋರ್ಟಲ್ಲಿನಲ್ಲಿ ಕ್ಲಿಕ್ ಮಾಡಿ ಯಾವುದೋ ಸಂಸ್ಥೆಗೆ. ದೇವರಿಗಾಗಿ ಕೊಡಿ, ಅಪ್ಪನ ನೆನಪಿಗೆ ಕೊಡಿ, ಸುಮ್ಮನೆ ಮನಸ್ಸಿಗೆ ಬಂದು ಕೊಡಿ. ನಾನು ನನಗೆ ಹಾಕಿಕೊಂಡಿರೋ ಕಟ್ಟುಪಾಡು ಮೂರು. ಶುರು ಮಾಡಿದರೆ ಮಗು ಒಂದು ಹಂತ ಮುಗಿಸೋವರೆಗೆ ಬಿಡೋ ಹಾಗಿಲ್ಲ, ನನ್ನ ಕೆಲಸ ಹೋದರೂ ನಡೆಯುವಷ್ಟು ಆರು ತಿಂಗಳ ದುಡ್ಡು ಬೇರೆ ಇಟ್ಟಿರಬೇಕು. ಮಾರ್ಕ್ಸು, ಫೋಟೋ, ಥ್ಯಾಂಕ್ಸು ಕೇಳೋ ಹಾಗಿಲ್ಲ. ಆದರೆ ವರ್ಷಕ್ಕೊಮ್ಮೆ “ಮುಂದೇನು ಓದ್ಬೇಕು ಅಂತಿದೀಯಮ್ಮ?” ಅಂತ ಕೇಳೋದನ್ನು ಮರೆಯೋ ಹಾಗಿಲ್ಲ. ಅವಳು ಏನು ಹೇಳಿದರೂ ಸರಿ, ಏನೂ ಹೇಳದಿದ್ದರೂ ಸರಿ. ಮುಂದಿನ ತಿಂಗಳು ಐದನೇ ತಾರೀಖು ದುಡ್ಡು ಹೋಗ್ತಿರಬೇಕು.